ಯಾರೂ ಕೂರದ ಸೀಟು

ತುಂಗಭದ್ರೆಯ ದಡದಲ್ಲಿ ಹಾಲವ್ವನ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಎದುರಿಗೆ ಹೊಳೆ.

ಅಲ್ಲಿಗೆ ಒಂದು ಬೆಳಿಗ್ಗೆ ಕಾರು ಬಂತು.

"ಅವ್ವಾ! ಕಾರು ಬಂತು ಅವ್ವಾ! ಚರ್ಮದ ಸೀಟಿನ ಕಾರು!"

ಶಿಷ್ಯ ಕೊಟ್ರೇಶ ಕೂಗುತ್ತಾ ಓಡಿ ಬಂದ. ಓಡಿದ ರಭಸಕ್ಕೆ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು.

ಭಕ್ತರೊಬ್ಬರು ಹೊಸ ಕಾರು ಕೊಂಡು ಹಳೆಯದನ್ನು ಆಶ್ರಮಕ್ಕೆ ಬಿಟ್ಟು ಹೋಗಿದ್ದರು. ಮನೆಗೆ ಬೇಡವಾದದ್ದನ್ನು ಜನ ದೇವರಿಗೆ ಕೊಡುವುದು ಹೊಸತೇನಲ್ಲ. ಆದರೂ ಕಾರು ಕಾರೇ.

ಹಾಲವ್ವ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಓಡುತ್ತಾ?"

"ಓಡೋದೇನು ಅವ್ವಾ, ಹಾರುತ್ತೆ!"

"ಹಾಗಾದರೆ ನೀನೇ ನೋಡಿಕೋ."

ಕೊಟ್ರೇಶ ಆಶ್ರಮಕ್ಕೆ ಬರುವ ಮುಂಚೆ ಟೆಂಪೊ ಓಡಿಸುತ್ತಿದ್ದವನು. ಅದನ್ನು ಬಿಟ್ಟು ಬಂದದ್ದು ಒಂದೇ ಆಸೆಗೆ: ಹಾಲವ್ವ ತನ್ನ ಕಿವಿಯಲ್ಲಿ ಮಂತ್ರ ಹೇಳಬೇಕು. ಕೇಳಿದಾಗಲೆಲ್ಲ ಅವರು "ಇನ್ನೂ ಕಾಲ ಬಂದಿಲ್ಲ" ಎಂದು ಸಾಗಹಾಕುತ್ತಿದ್ದರು. ಇವತ್ತು ಅವನು ಧೈರ್ಯ ಮಾಡಿದ.

"ಚೆನ್ನಾಗಿ ನೋಡಿಕೊಂಡರೆ ಉಪದೇಶ ಕೊಡ್ತೀರಾ ಅವ್ವಾ?"

"ಚೆನ್ನಾಗಿ ನೋಡಿಕೊಂಡರೆ ಕೊಡ್ತೀನಿ."

ಆಮೇಲೆ ಕೊಟ್ರೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಡುಗೆಮನೆಯ ಕೊಬ್ಬರಿ ಎಣ್ಣೆ ಡಬ್ಬಿಯನ್ನೇ ಎತ್ತಿಕೊಂಡು ಹೋದ. ಸೀಟಿಗೆ ಸುರಿದು ತಿಕ್ಕಿದ, ಮತ್ತೆ ಸುರಿದು ಮತ್ತೆ ತಿಕ್ಕಿದ. ಚರ್ಮ ಕನ್ನಡಿಯಂತೆ ಹೊಳೆಯಿತು.

"ಕೂತು ನೋಡಿ ಅವ್ವಾ!"

ಹಾಲವ್ವ ಕೂತರು, ಎದ್ದರು. ಕಾವಿ ಸೀರೆಯ ಹಿಂಭಾಗದಲ್ಲಿ ದೊಡ್ಡ ಎಣ್ಣೆ ಕಲೆ.

"ಎಣ್ಣೆ ಹಚ್ಚಿ ತಿಕ್ಕೋಕೆ ಇದೇನು ಬಾಣಂತಿಯಾ? ಸಾಂಬ್ರಾಣಿ ಹೊಗೆ ಒಂದು ಬಾಕಿ ಇದೆ, ಅದನ್ನೂ ಹಾಕಿಬಿಡು."

ಕೊಟ್ರೇಶ ನಾಲಗೆ ಕಚ್ಚಿಕೊಂಡ. ಸೋಪಿನ ನೀರಲ್ಲಿ ಎಣ್ಣೆಯೆಲ್ಲ ತೊಳೆದ. ಮತ್ತೆ ಧೂಳು ಕೂತರೆ? ಹಸಿ ಆರುವ ಮುಂಚೆಯೇ ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಸೀಟಿಗೆಲ್ಲ ಬಿಗಿಯಾಗಿ ಸುತ್ತಿದ. ದೃಷ್ಟಿಯಾಗದಂತೆ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ.

ಹೊಳೆದಂಡೆಯ ಮೀನುಗಾರ ಹೆಂಗಸು ಬುಟ್ಟಿ ಹೊತ್ತು ಬಂದು, "ತಮ್ಮಾ, ಸಂತೆಯ ತನಕ ಬಿಡ್ತೀಯಾ?" ಎಂದಳು.

"ಕಾಲು ತೊಳೆದುಕೊಂಡು ಬಾ ಅಕ್ಕಾ."

ತೊಳೆದುಕೊಂಡು ಬಂದಳು.

"ಒದ್ದೆ ಕಾಲಲ್ಲಿ ಹತ್ತಬಾರದು ಅಕ್ಕಾ."

"ನಿನ್ನ ಕಾರಲ್ಲಿ ಹೋಗೋಕೆ ರೆಕ್ಕೆ ಇರಬೇಕು ನೋಡು. ರೆಕ್ಕೆ ಇದ್ದಿದ್ದರೆ ಕಾರು ಯಾಕಪ್ಪಾ?" ಎಂದು ಅವಳು ನಡೆದೇ ಹೋದಳು. ಹಿಂದೆಯೇ ಹಾಲವ್ವನೂ ಚೀಲ ಹಿಡಿದು ನಡೆದೇ ಸಂತೆಗೆ ಹೋದರು.

ಕೆಲವು ವಾರ ಕಳೆದವು. ಒಂದು ದಿನ ಕಾರಿನ ಬಾಗಿಲು ತೆರೆದರೆ ಕಮಟು ವಾಸನೆ. ಪ್ಲಾಸ್ಟಿಕ್ ಎತ್ತಿದರೆ ಸೀಟಿನ ತುಂಬ ಬೂಷ್ಟು, ಹಳೇ ರೊಟ್ಟಿಗೆ ಬಂದ ಹಾಗೆ.

ಕೊಟ್ರೇಶ ಅಳುಮೋರೆ ಹಾಕಿಕೊಂಡು ಬಂದ.

"ಒಂದು ನೊಣವನ್ನೂ ಕೂರಿಸಲಿಲ್ಲ ಅವ್ವಾ! ಆದರೂ ಹಾಳಾಯ್ತು!"

ಹಾಲವ್ವ ಕಾಲು ಮುಂದೆ ಚಾಚಿದರು. ಕಾಲಲ್ಲಿ ಹಳೆಯ ಚರ್ಮದ ಚಪ್ಪಲಿ.

"ಇದಕ್ಕೆ ಬೂಷ್ಟು ಬಂದಿದೆಯಾ?"

"ಇಲ್ಲ."

"ಯಾಕೆ?"

"ನೀವು ದಿನಾ ಮೆಟ್ಟುತ್ತೀರಿ."

ಹಾಲವ್ವ ಎದ್ದು ಹೊಳೆಯ ಕಡೆ ಹೋದರು.

ಕೊಟ್ರೇಶ ಪ್ಲಾಸ್ಟಿಕ್ ಕಿತ್ತೆಸೆದ. ಕಾರನ್ನು ಬೇವಿನ ನೆರಳಿಗೆ ತಂದು ನಾಲ್ಕೂ ಬಾಗಿಲು ತೆರೆದು ಗಾಳಿಗೆ ಬಿಟ್ಟ. ಹಿಂಡಿದ ಬಟ್ಟೆಯಲ್ಲಿ ಬೂಷ್ಟು ಒರೆಸಿದ, ಒಣ ಬಟ್ಟೆಯಲ್ಲಿ ಹಸಿ ತೆಗೆದ. ಚಪ್ಪಲಿ ಹೊಲಿಯುವವರನ್ನು ಕೇಳಿ ಮೇಣ ತಂದು ತೆಳ್ಳಗೆ ಸವರಿದ. ಈ ಸಲ ಸೀಟು ಜಿಡ್ಡಾಗಲಿಲ್ಲ, ಮಿದುವಾಯಿತು. ಸುಕ್ಕೂ ಮಾಯವಾಯಿತು.

"ಈಗ ನೋಡಿ ಅವ್ವಾ!"

"ಸೀಟು ಚೆನ್ನಾಗಿದೆ. ಕಾರು ಎಲ್ಲಿ?"

"ಇದೇ ಅಲ್ವಾ ಅವ್ವಾ, ಕಣ್ಣೆದುರಿಗೇ ಇದೆ!"

ಹಾಲವ್ವ ನಕ್ಕರು. ಉಪದೇಶದ ಮಾತೆತ್ತಲಿಲ್ಲ. ಕೊಟ್ರೇಶ ಒಂದು ಹಗ್ಗ ತಂದು ಕಾರಿನ ಸುತ್ತ ಬೇಲಿ ಕಟ್ಟಿದ.

ಬೇಸಿಗೆ ಬಂತು. ಹತ್ತನೇ ಕ್ಲಾಸಿನ ಪರೀಕ್ಷೆ ಶುರುವಾಯಿತು.

ಗಣಿತದ ದಿನ ಬೆಳಿಗ್ಗೆ ಆಚೆ ದಡದ ಊರಿನ ಆರು ಹುಡುಗಿಯರು ಕೆಸರಿನಲ್ಲಿ ಹೊಳೆ ದಾಟಿ, ಏದುಸಿರು ಬಿಡುತ್ತಾ ಆಶ್ರಮಕ್ಕೆ ನುಗ್ಗಿದರು. ಬಸ್ಸು ಹೊರಟುಹೋಗಿತ್ತು. ಪರೀಕ್ಷೆ ಇದ್ದದ್ದು ತಾಲ್ಲೂಕಿನ ಊರಿನಲ್ಲಿ.

"ಅಣ್ಣಾ, ಕಾರು ತೆಗಿ ಅಣ್ಣಾ!" ನಾಗವೇಣಿ ಎಂಬುವಳು ಹಗ್ಗ ಹಿಡಿದು ಎಳೆದಳು. "ಇದೊಂದು ತಪ್ಪಿದರೆ ಅಪ್ಪ ಓದು ಬಿಡಿಸಿ ಮದುವೆ ಮಾಡಿಬಿಡ್ತಾನೆ!"

ಕೊಟ್ರೇಶನ ಕಣ್ಣು ಅವರ ಕಾಲಿನ ಮೇಲಿತ್ತು. ಮೊಳಕಾಲವರೆಗೆ ಕೆಸರು.

ಹಾಲವ್ವ ಹಗ್ಗ ಬಿಚ್ಚಿ ಬಾಗಿಲು ತೆರೆದರು.

"ಹತ್ರೇ."

"ಅವ್ವಾ, ಸೀಟು..."

"ಎಮ್ಮೆಯ ಚರ್ಮ ಕಣೋ ಅದು. ಜೀವ ಇದ್ದಾಗ ಕೆಸರಲ್ಲೇ ಬಿದ್ದಿತ್ತು."

ಕೊಟ್ರೇಶ ಕೀಲಿ ತಿರುಗಿಸಿದ. ಕಟ್ ಎಂದಿತು. ಮತ್ತೆ ತಿರುಗಿಸಿದ. ಅಷ್ಟೂ ಅನ್ನಲಿಲ್ಲ.

ನಿಂತು ನಿಂತು ಬ್ಯಾಟರಿ ಇಳಿದಿತ್ತು. ಕೆಳಗಿಳಿದು ನೋಡಿದರೆ ಒಂದು ಚಕ್ರದಲ್ಲಿ ಗಾಳಿ ಅರ್ಧಕ್ಕೆ ಬಂದಿತ್ತು. ಇಷ್ಟು ತಿಂಗಳು ತಾನು ಬಾನೆಟ್ ಒಂದು ಸಲವೂ ಎತ್ತಿರಲಿಲ್ಲ!

"ತಳ್ಳಿ!" ಎಂದು ಕೂಗಿದ.

ಹುಡುಗಿಯರು ತಳ್ಳಿದರು. ಹಾಲವ್ವ ಸೀರೆ ಎತ್ತಿ ಕಟ್ಟಿ ಅವರ ಜೊತೆ ಹೆಗಲು ಕೊಟ್ಟರು. ಕಾರು ಇಳಿಜಾರಿಗೆ ಬಂತು, ಕೊಟ್ರೇಶ ಗೇರಿಗೆ ಹಾಕಿ ಕ್ಲಚ್ ಬಿಟ್ಟ, ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಹೊತ್ತಿಕೊಂಡಿತು!

"ಹೋ!" ಎಂದು ಹುಡುಗಿಯರು ಓಡೋಡಿ ಹತ್ತಿದರು. ಹಿಂದೆ ಐದು ಜನ, ಮುಂದೆ ಹಾಲವ್ವನ ತೊಡೆಯ ಮೇಲೆ ನಾಗವೇಣಿ.

ದಾರಿಗೆ ಕುರಿಹಿಂಡು ಅಡ್ಡ ಬಂತು. ಹಾರನ್ ಸತ್ತಿತ್ತು. ಹಾಲವ್ವ ಕಿಟಕಿಯಿಂದ ತಲೆ ಹೊರಹಾಕಿ, "ಸರೀರೋ! ಗಣಿತ ಬರ್ತಾ ಇದೆ!" ಎಂದು ಕೂಗಿದರು. ಕುರಿ ಸರಿದವು. ಕುರಿಗಾರ ಗಾಬರಿಯಾಗಿ ತಾನೂ ಸರಿದ.

ಗುಂಡಿಯೊಂದಕ್ಕೆ ಚಕ್ರ ಇಳಿದು ಎಲ್ಲರೂ ಕುಪ್ಪಳಿಸಿದರು. ಹಿಂದಿನಿಂದ ಚೀರಾಟ.

"ಅಣ್ಣಾ, ಕೈವಾರ ಚುಚ್ಚಿ ಸೀಟು ಹರಿದುಹೋಯ್ತು!"

"ಸೀಟು ಸಾಯಲಿ! ನಿನಗೆ ಚುಚ್ಚಿತಾ?"

"ಇಲ್ಲ ಅಣ್ಣಾ."

"ಹಾಗಾದರೆ ಗಟ್ಟಿಯಾಗಿ ಹಿಡಿದುಕೋ!"

ಹಾಲವ್ವ ತಿರುಗಿ ಅವನ ಮುಖ ನೋಡಿದರು.

ಶಾಲೆಯ ಗೇಟು ಮುಚ್ಚುವ ಹೊತ್ತಿಗೆ ಸರಿಯಾಗಿ ಕಾರು ಬಂದು ನಿಂತಿತು. ಹುಡುಗಿಯರು ಹಾರಿದರು, ಓಡಿದರು, ಒಳಗೆ ಹೋದರು. ನಾಗವೇಣಿ ಒಮ್ಮೆ ತಿರುಗಿ ಕೈ ಬೀಸಿದಳು. ಗೇಟು ಮುಚ್ಚಿತು.

ಕೊಟ್ರೇಶ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್ ಎತ್ತಿ ಒಳಗೆ ಬಗ್ಗಿದ. ಬ್ಯಾಟರಿಯ ತುದಿಯ ಕಿಲುಬು ಕೆರೆದ. ಮೊಣಕೈವರೆಗೆ ಮಸಿಯಾಯಿತು.

ಹಾಲವ್ವ ಕೆಸರು ಸೀಟಿನಲ್ಲೇ ಆರಾಮಾಗಿ ಕೂತಿದ್ದರು.

"ಕೊಟ್ರೇಶಾ, ನೀನು ಏನೋ ಕೇಳ್ತಾ ಇದ್ದೆಯಲ್ಲೋ?"

"ಆಮೇಲೆ ಅವ್ವಾ, ಆಮೇಲೆ! ಅವರು ಹೊರಗೆ ಬರೋದರೊಳಗೆ ಚಕ್ರಕ್ಕೆ ಗಾಳಿ ಹೊಡೆಸಬೇಕು, ಬ್ಯಾಟರಿಗೆ ನೀರು ಹಾಕಿಸಬೇಕು, ಹಾರನ್ ನೋಡಬೇಕು. ನಾಡಿದ್ದು ವಿಜ್ಞಾನ ಅಂತೆ."

"ಇಲ್ಲಿ ಬಾ."

"ಕೈಯೆಲ್ಲ ಮಸಿ ಅವ್ವಾ. ತೊಳೆದುಕೊಂಡು ಬರ್ತೀನಿ."

"ಕೈ ಹಾಗೇ ಇರಲಿ. ಕಿವಿ ಇತ್ತ ಕೊಡು."