ಬಳೆಗಾರ್ತಿ ಕಟ್ಟಿದ ಕಂಪ್ಯೂಟರ್

"ಅಜ್ಜಾರೇ, ನನಗೆ ಹೆಮ್ಮೆ ಹೆಚ್ಚಾಗಿದೆ. ಅದನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ?" ಎಂದು ಕೊಟ್ರೇಶಿ ಕೇಳಿದ.

ಕೊಟ್ರೇಶಿ ಒಂಬತ್ತು ವರ್ಷದಿಂದ ಸಿದ್ದಬಸಜ್ಜನ ಬಳಿ ಪ್ರವಚನ ಹೇಳುವುದನ್ನು ಕಲಿಯುತ್ತಿದ್ದ. ಹಿಂದಿನ ದಿನ ಪ್ರವಚನ ಸ್ಪರ್ಧೆಯಲ್ಲಿ ಗೆದ್ದಿದ್ದ. ಅಲ್ಲಿ ಹೊದಿಸಿದ ಶಾಲು ಇನ್ನೂ ಹೆಗಲ ಮೇಲೇ ಇತ್ತು.

"ಯಾರನ್ನು ಸೋಲಿಸಿದೆಯಪ್ಪ?" ಎಂದ ಅಜ್ಜ.

"ಗುರುಶಾಂತನನ್ನು. ಅವನ ಮೈಕಿನ ವೈರು ಕಿತ್ತು ಬಂದು ನನ್ನ ಕಾಲ ಹತ್ತಿರ ಬಿದ್ದಿತ್ತು. ಕೂಗಿ ಕೂಗಿ ಸಾಕಾದ ಪಾಪ, ಒಬ್ಬರಿಗೂ ಕೇಳಿಸಲಿಲ್ಲ." ಕೊಟ್ರೇಶಿ ನಕ್ಕ. "ನಾನು ಬಾಯಿ ತೆರೆದರೆ ಚಪ್ಪಾಳೆಯೋ ಚಪ್ಪಾಳೆ. ಆಗಿನಿಂದ ಕಾಲು ನೆಲಕ್ಕೆ ತಾಗುತ್ತಿಲ್ಲ."

ಸಿದ್ದಬಸಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನ ಬಾಯಲ್ಲಿ ಇರುವೆ ಆನೆಯಾಗದೆ ಕತೆ ಮುಗಿದದ್ದೂ ಇಲ್ಲ. "ಹಾಗಾದರೆ ಕೇಳು. ಇದನ್ನು ನನ್ನ ಹಾಗೆ ಹೇಳುವವನು ಈ ಸೀಮೆಯಲ್ಲೇ ಹುಟ್ಟಿಲ್ಲ" ಎಂದು ಶುರು ಮಾಡಿದ.

ಒಂದು ಊರು. ಆ ಊರಿನಲ್ಲಿ ಒಬ್ಬ ಗಾಣದ ಸಾಹುಕಾರ, ಒಬ್ಬಳು ಬಳೆಗಾರ್ತಿ. ಇಬ್ಬರಿಗೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದ ಹುಚ್ಚು. ಅಂಗಡಿಯವರು ಕಟ್ಟಿಕೊಡುವ ಯಂತ್ರ ಇಬ್ಬರ ಮನಸ್ಸಿಗೂ ಬರಲಿಲ್ಲ. ಭಾಗ ಭಾಗ ಆರಿಸಿ ತಂದು ತಾವೇ ಕಟ್ಟುತ್ತೇವೆ ಎಂದು ಹಟ ಹಿಡಿದರು.

ಸಾಹುಕಾರ ಅಂಗಡಿಗೆ ಹೋದ. ಪ್ರತಿ ಭಾಗಕ್ಕೂ ಅವನದು ಒಂದೇ ಪ್ರಶ್ನೆ. "ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?" ಅಂಗಡಿಯವನು ತೋರಿಸಿದ, ಇವನು ತಂದ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದೂವರೆ ಮೊಳ ಇತ್ತು. ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಕಮ್ಮಾರನನ್ನು ಕರೆಸಿ ಪೆಟ್ಟಿಗೆಯನ್ನೇ ಕೊಯ್ಯಿಸಿದ. ಏಳು ಫ್ಯಾನು ಕೂರಿಸಿದ. ಅವು ತಿರುಗಿದರೆ ಪಕ್ಕದ ಮಾಳಿಗೆಯ ಸಂಡಿಗೆ ಹಾರಿ ಆಚೆ ಓಣಿಗೆ ಬೀಳುತ್ತಿತ್ತು. ಹಿಂದಿನಿಂದ ಬರುವ ಬಿಸಿಗಾಳಿ ಇದೆಯಲ್ಲ, ಅದನ್ನು ನಂಬಿಕೊಂಡು ಆ ಓಣಿಯ ಕೋಳಿಗಳು ಕಾವು ಕೂರುವುದನ್ನೇ ಬಿಟ್ಟವು. ನಗಬೇಡ. ಮರಿಗಳನ್ನು ನಾನೇ ಎಣಿಸಿದ್ದೇನೆ.

ಬಳೆಗಾರ್ತಿ ಆರಿಸಿದ್ದು ಬೇರೆ ಥರ. ಬಳೆ ತೊಡಿಸುವವಳು ಮೊದಲು ಬಳೆ ತೋರಿಸುವುದಿಲ್ಲ. ಕೈ ಹಿಡಿಯುತ್ತಾಳೆ, ಗೆಣ್ಣು ಅದುಮಿ ನೋಡುತ್ತಾಳೆ, ಆಮೇಲೆ ಬಳೆಗಳ ಮಲಾರಕ್ಕೆ ಕೈ ಹಾಕುತ್ತಾಳೆ. ದೊಡ್ಡ ಬಳೆ ಜಾರಿ ಬೀಳುತ್ತದೆ, ಚಿಕ್ಕದು ಕೈಯಲ್ಲೇ ಒಡೆದು ರಕ್ತ ತರಿಸುತ್ತದೆ. ಅವಳು ಮನೆಯಲ್ಲಿದ್ದ ಹಳೆಯ ಪರದೆಯ ಮುಂದೆ ಮೊದಲು ಕೂತಳು. ಅದು ಒಂದು ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬಲ್ಲದು ಎಂದು ತಿಳಿದುಕೊಂಡಳು. ಅಷ್ಟಕ್ಕೆ ಸರಿಯಾದ ಕಾರ್ಡ್ ತಂದಳು. ಆ ಕಾರ್ಡಿಗೆ ಸರಿಯಾಗಿ ಹೆಜ್ಜೆ ಹಾಕುವ ಪ್ರೊಸೆಸರ್ ಹುಡುಕಲು ಎಂಟು ತಿಂಗಳು ಹಿಡಿಯಿತು. ಎಲ್ಲ ಭಾಗಕ್ಕೂ ಕರೆಂಟು ಹಂಚಿಯೂ ಯಾರ ಕಣ್ಣಿಗೂ ಬೀಳದ ಪವರ್ ಸಪ್ಲೈಯನ್ನೂ ಮೂರು ಅಂಗಡಿ ತಿರುಗಿ, ಕೈಯಲ್ಲಿ ತೂಗಿ ನೋಡಿ ತಂದಳು. ಮೂರು ವರ್ಷಕ್ಕೆ ಯಂತ್ರ ಎದ್ದಿತು. ಅವಳಿಗೆ ಅದು ಹೆತ್ತ ಮಗುವಿನ ಹಾಗೆ.

ಒಂದು ದಿನ ಸಾಹುಕಾರ ಕಟ್ಟೆಯ ಮೇಲೆ ಮೀಸೆ ತಿರುವಿದ. "ಆಟದಲ್ಲಿ ನನ್ನ ಕಾರನ್ನು ಹಿಂದೆ ಹಾಕಿದವರಿಗೆ ನನ್ನ ಯಂತ್ರ ಕೊಡುತ್ತೇನೆ. ಸೋತವರು ತಮ್ಮದನ್ನು ಇಲ್ಲೇ ಬಿಟ್ಟು ಹೋಗಬೇಕು." ಬೇರೆ ಯಾರೂ ಮುಂದೆ ಬರಲಿಲ್ಲ. ಬಳೆಗಾರ್ತಿ ತನ್ನ ಯಂತ್ರವನ್ನು ಸೀರೆಯಲ್ಲಿ ಸುತ್ತಿ ಸೊಂಟಕ್ಕೆ ಏರಿಸಿಕೊಂಡು ಬಂದಳು.

ಸಾಹುಕಾರನ ಪಡಸಾಲೆಯಲ್ಲಿ ಎರಡು ಯಂತ್ರ ಕೂತವು. ಜನ ಕಿಟಕಿಗೆಲ್ಲ ನೇತುಬಿದ್ದರು. ಪಂದ್ಯಕ್ಕೆ ಮೊದಲು ಸಾಹುಕಾರ ಒಂದು ಸುತ್ತು ಓಡಿಸಿ ತೋರಿಸಿದ. ಪರದೆಯ ಮೇಲಿನ ಕಾರು ಮುಳ್ಳು ತುಳಿದವರಂತೆ ಕುಂಟಿತು. "ಈ ಆಟವೇ ಹಾಗೆ" ಎಂದ ಸಾಹುಕಾರ.

ಬಳೆಗಾರ್ತಿ ತನ್ನ ಪ್ಲಗ್ಗು ಚುಚ್ಚಲು ಬಗ್ಗಿದಳು. ಆಗ ಅವನ ಯಂತ್ರದ ಬೆನ್ನು ಕಂಡಿತು. ಎಲ್ಲ ಭಾಗಗಳನ್ನೂ ಕೂರಿಸುವ ಮದರ್‌ಬೋರ್ಡಿನಲ್ಲೂ ಪರದೆಯ ತಂತಿಗೆ ಒಂದು ತೂತು ಇರುತ್ತದೆ. ಕಾರ್ಡ್ ಇಲ್ಲದ ಬಡ ಯಂತ್ರಕ್ಕೆ ಅದೇ ಗತಿ. ಸಾಹುಕಾರ ತಂತಿಯನ್ನು ಅದಕ್ಕೆ ಚುಚ್ಚಿದ್ದ. ಒಂದೂವರೆ ಮೊಳದ ಕಾರ್ಡಿನ ತೂತುಗಳಿಗೆ ಅಂಗಡಿಯ ಮುಚ್ಚಳ ಇನ್ನೂ ಹಾಗೇ ಇತ್ತು. ಅದು ತಂದ ದಿನದಿಂದ ನಿದ್ದೆ ಹೊಡೆಯುತ್ತಿತ್ತು.

ಅವಳು ಬಗ್ಗಿದವಳು ಬಗ್ಗಿಯೇ ಇದ್ದಳು. ಸುಮ್ಮನೆ ಎದ್ದು ಕೂತರೆ ತನ್ನ ಯಂತ್ರ ತನಗೇ ಉಳಿಯುತ್ತದೆ. ಅವನದೂ ಬರುತ್ತದೆ. ಸುಳ್ಳು ಹೇಳಬೇಕಾಗಿಲ್ಲ, ಮೋಸ ಮಾಡಬೇಕಾಗಿಲ್ಲ. ನೋಡಲಿಲ್ಲ ಎಂದುಕೊಂಡರೆ ಮುಗಿಯಿತು. ನಾಳೆಯಿಂದ ಬಳೆ ತೊಡಿಸಿಕೊಳ್ಳುವ ಹೆಂಗಸರೆಲ್ಲ, "ಸಾಹುಕಾರನನ್ನೇ ಸೋಲಿಸಿದೆಯಂತೆ, ಹೇಳೇ!" ಎನ್ನುತ್ತಾರೆ. ಆಗ ಏನು ಹೇಳುವುದು? ಅವನು ತಂತಿ ತಪ್ಪಿ ಚುಚ್ಚಿದ್ದ, ಅದಕ್ಕೇ ಗೆದ್ದೆ ಎಂದೇ?

"ಸಾಹುಕಾರ್ರೇ, ನಿಮ್ಮ ಆನೇನ ಲಾಯದಲ್ಲಿ ಕಟ್ಟಿಹಾಕಿ ಮೇಕೇನ ಓಡಿಸ್ತಾ ಇದ್ದೀರಲ್ಲ!"

"ಏಯ್, ನನ್ನ ಯಂತ್ರದ ಹಿಂದೆ ನಿನಗೇನೇ ಕೆಲಸ?"

ಅವಳು ಮುಚ್ಚಳ ಕಿತ್ತಳು. ತಂತಿ ತೆಗೆದು ಕಾರ್ಡಿಗೆ ಚುಚ್ಚಿದಳು. ಪರದೆ ಒಂದು ಗಳಿಗೆ ಕಪ್ಪಾಯಿತು. ಆಮೇಲೆ ಆ ಕಾರು ಹೊರಟಿತು ನೋಡು, ಎಣ್ಣೆ ಸುರಿದ ಹಾಗೆ. ಆ ವೇಗಕ್ಕೆ ಕಿಟಕಿಯಲ್ಲಿದ್ದವರ ರುಮಾಲು ಹಿಂದಕ್ಕೆ ಹಾರಿದವು.

ಸಾಹುಕಾರ ಬಾಯಿ ತೆರೆದ. "ಹುಚ್ಚೀ, ಹೇಳದೆ ಇದ್ದಿದ್ರೆ ನೀನು ಗೆದ್ದುಬಿಡ್ತಿದ್ದೆ!"

"ಮಲಗಿದ್ದೋನ ಎದೆ ಮೇಲೆ ಕೂತು ಗೆದ್ದೆ ಅನ್ನೋಕೆ ನಾನೇನು ಅಷ್ಟು ಅಗ್ಗದೋಳಾ? ಈಗ ಬರ್ರಿ, ಓಡಿಸ್ರಿ."

ಓಡಿಸಿದರು. ಬಳೆಗಾರ್ತಿಯ ಕೈಚಳಕ ದೊಡ್ಡದು, ಅವನ ಕಾರ್ಡ್ ಅದಕ್ಕಿಂತ ದೊಡ್ಡದು. ಕೊನೆಯ ತಿರುವಿನವರೆಗೂ ಅವಳೇ ಮುಂದೆ. ನೆಟ್ಟಗಿನ ದಾರಿ ಬಂದಾಗ ಸಾಹುಕಾರನ ಕಾರು ಬಳೆಯ ದಪ್ಪದಷ್ಟು ಮುಂದೆ ನುಗ್ಗಿತು. ಅವಳು ಸೋತಳು.

ಎದ್ದು, ಯಂತ್ರ ಸುತ್ತಿ ತಂದಿದ್ದ ಸೀರೆ ಮಾತ್ರ ಮಡಿಸಿಕೊಂಡು ಹೊರಟಳು. ಮೂರು ವರ್ಷ ಕಟ್ಟಿದ್ದನ್ನು ತಿರುಗಿ ನೋಡಲಿಲ್ಲ. ಸಾಹುಕಾರನ ಕೈ ಮೀಸೆಯವರೆಗೆ ಹೋಗಿ ಕೆಳಗಿಳಿಯಿತು.

"ತಗೊಂಡು ಹೋಗವ್ವ ನಿನ್ನದನ್ನ" ಎಂದ.

"ಸೋತು ಬಿಟ್ಟದ್ದನ್ನ ವಾಪಸ್ ಒಯ್ಯೋ ಚಾಳಿ ನಮ್ಮನೇಲಿಲ್ಲ. ಇನ್ನೊಂದು ಕಟ್ಟಿ ತರ್ತೀನಿ. ಆಗಲಾದ್ರೂ ತಂತಿ ನೀವೇ ಸರಿಯಾಗಿ ಚುಚ್ಚಿಕೊಂಡಿರ್ರಿ."

ಅವಳು ತಲೆ ಎತ್ತಿ ನಡೆದ ಎತ್ತರಕ್ಕೆ ಆ ಓಣಿಯ ಕರೆಂಟು ಕಂಬಗಳನ್ನು ಎರಡು ಮೊಳ ಏರಿಸಬೇಕಾಯಿತು. ಬೇಕಿದ್ದರೆ ಹೋಗಿ ನೋಡು, ಇವತ್ತಿಗೂ ಅಲ್ಲಿ ಕಂಬ ಎತ್ತರ.

ಅಜ್ಜ ಕತೆ ನಿಲ್ಲಿಸಿದ. ಕೊಟ್ರೇಶಿ ಹೆಗಲ ಶಾಲು ಸರಿಮಾಡಿಕೊಂಡ.

"ಅಜ್ಜಾರೇ, ಅವಳಿಗೂ ಹೆಮ್ಮೆ ಹೆಚ್ಚೇ ಇತ್ತಲ್ಲ. ಸೋತ ಮೇಲೂ ಇಳಿಯಲಿಲ್ಲ. ನಾನು ಕೇಳಿದ್ದು ನನ್ನ ಹೆಮ್ಮೆ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ."

"ಕಡಿಮೆ ಯಾಕೆ ಮಾಡ್ಕೊತೀಯೋ ಮಗನೇ, ನಿನಗಿರೋ ಹೆಮ್ಮೆ ಇನ್ನೂ ಸಾಲದು."