ಅಂಬಿಗನ ಉಸಿರು

ಚನ್ನವೀರನೆಂಬ ಶಿಷ್ಯ ಒಂದು ಬೆಳಿಗ್ಗೆ ಗುರುಗಳನ್ನು ಕೇಳಿದ: “ಗುರುಗಳೇ, ಹಗೆ ಕಟ್ಟಿಕೊಂಡ ರಾಜ್ಯಗಳನ್ನು ಆಟ ಒಂದುಗೂಡಿಸುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಆಟದಲ್ಲಿಯೂ ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು. ಸೋತವನ ಹೊಟ್ಟೆಯುರಿ ಅದರಿಂದ ಹೆಚ್ಚೀತೇ ಹೊರತು ಕಡಿಮೆಯಾಗುವುದು ಹೇಗೆ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ಎರಡು ದಡಗಳಲ್ಲಿ ಎರಡು ರಾಜ್ಯಗಳು. ಹೊಳೆಯ ನಡುವೆ ಒಂದು ಮರಳುದಿಣ್ಣೆ. ಅದು ತಮ್ಮದೆಂದು ಇವರು, ತಮ್ಮದೆಂದು ಅವರು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆಯುತ್ತಿರಲಿಲ್ಲ. ಆದರೂ ಅದಕ್ಕಾಗಿ ಎರಡು ಸಲ ಯುದ್ಧವಾಗಿತ್ತು. ಹಟ ಹಿಡಿಯುವುದಕ್ಕೆ ರಾಜರಿಗೆ ಹುಲ್ಲೇ ಬೇಕೆಂದೇನೂ ಇಲ್ಲ.

ಎರಡನೆಯ ಯುದ್ಧದ ಬಳಿಕ ಹೊಳೆ ದಾಟುವುದು ನಿಂತುಹೋಯಿತು. ಈಚೆ ದಡದಲ್ಲಿ ಒಬ್ಬ ಅಂಬಿಗನಿದ್ದ. ಯುದ್ಧಕ್ಕೆ ಮುಂಚೆ ಅವನು ತನ್ನ ಒಬ್ಬಳೇ ತಂಗಿಯನ್ನು ಆಚೆ ದಡದ ಮನೆಗೆ ಕೊಟ್ಟಿದ್ದ. ಒಂಬತ್ತು ವರ್ಷಗಳಿಂದ ಅವಳ ಮುಖ ನೋಡಿರಲಿಲ್ಲ. ಹರಿಗೋಲನ್ನು ಕವುಚಿ ಹಾಕಿ, ಅದರ ಮೇಲೆ ಕೂತು ಆಚೆ ದಡ ನೋಡುವುದೇ ಅವನ ಕೆಲಸವಾಗಿತ್ತು. ಅಲ್ಲಿ ಹೆಂಗಸರು ನೀರಿಗೆ ಬರುವುದು ಕಾಣುತ್ತಿತ್ತು. ಅವರಲ್ಲಿ ತಂಗಿ ಯಾರೆಂದು ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಅವನಿಗೆ ಅಳು ಬರುತ್ತಿತ್ತು.

ಹರಿಗೋಲು ಮತ್ತೆ ನಡೆಸೋಣವೆಂದು ಎರಡೂ ಕಡೆಯ ಮಂತ್ರಿಗಳು ಪ್ರತಿವರ್ಷ ಸೇರುತ್ತಿದ್ದರು. ಪ್ರತಿವರ್ಷವೂ ಮಾತು ಒಂದೇ ಕಡೆ ಮುರಿಯುತ್ತಿತ್ತು. ಹರಿಗೋಲಿನಲ್ಲಿ ಆಯುಧ ಬರುವುದಿಲ್ಲವೆಂದು ಯಾರ ಮಾತು ನಂಬುವುದು? ಇವರು ಅವರನ್ನು ಸುಳ್ಳರು ಎನ್ನುತ್ತಿದ್ದರು. ಅವರು ಇವರನ್ನು ಹಾಗೆಯೇ ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಊಟ ಮಾಡಿ ಮನೆಗೆ ಹೋಗುತ್ತಿದ್ದರು.

ಹತ್ತನೆಯ ವರ್ಷ ಮಂತ್ರಿಗಳಿಗೂ ಬೇಸರ ಬಂತು. ದಿಣ್ಣೆಯ ಮೇಲೆ ಒಂದು ಕಬಡ್ಡಿ ಆಟವನ್ನಾದರೂ ಆಡಿಸೋಣ ಎಂದರು. ಸೋತವರು ಗೆದ್ದವರ ಒಂದು ಮಾತನ್ನು ನಡೆಸಿಕೊಡಬೇಕೆಂದು ನಿಶ್ಚಯವಾಯಿತು. ಮುಳುಗು ಹಾಕಿ ಬೆಳೆದ ಅಂಬಿಗನಷ್ಟು ಹೊತ್ತು ಉಸಿರು ಹಿಡಿಯುವವರು ಈಚೆ ದಡದಲ್ಲಿ ಇರಲಿಲ್ಲ. ರಾಜ ಅವನನ್ನು ಕರೆಸಿ, “ಗೆಲ್ಲಿಸಿಕೊಡು. ಆಮೇಲೆ ಅವರಿಂದ ಏನು ಕೇಳಬೇಕೋ ನೀನೇ ಹೇಳು” ಎಂದ.

“ಇನ್ನೇನು ಕೇಳಲಿ ಒಡೆಯಾ? ಒಂದು ಸಲ ನನ್ನ ತಂಗೀನ ನೋಡ್ಕೊಂಡು ಬರಕ್ಕೆ ಬಿಟ್ರೆ ಸಾಕು” ಎಂದ ಅಂಬಿಗ.

ಆಟದ ದಿನ ಎರಡೂ ಕಡೆಯವರು ತಮ್ಮ ತಮ್ಮ ತೀರ್ಪುಗಾರನನ್ನು ಕರೆತಂದಿದ್ದರು. ನಡುಗೆರೆ ಎಳೆಯುವ ಮೊದಲೇ ಆ ತೀರ್ಪುಗಾರರಿಬ್ಬರೂ ಒಬ್ಬರ ಜುಟ್ಟು ಒಬ್ಬರು ಹಿಡಿದರು. ಅವರನ್ನು ಬಿಡಿಸುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಯಿತು. ಇಬ್ಬರನ್ನೂ ಹೊರಗೆ ಕೂರಿಸಿ, ಔಟಾದವನು ತಾನೇ ಒಪ್ಪಿಕೊಂಡು ಹೊರಗೆ ಹೋಗತಕ್ಕದ್ದು ಎಂಬ ನಿಯಮ ಮಾಡಿದರು. ಎಲ್ಲರೆದುರು ಸಿಕ್ಕಿಬಿದ್ದವರು ಹೋದರು. ಉಳಿದವರು ಯಾಕೆ ಹೋಗುತ್ತಾರೆ? ಮುಟ್ಟಿದೆ ಎಂದು ಇವರು, ಮುಟ್ಟಲಿಲ್ಲ ಎಂದು ಅವರು ಕೂಗಾಡುತ್ತಲೇ ಮಧ್ಯಾಹ್ನ ಕಳೆಯಿತು.

ಹೊತ್ತು ಇಳಿಯುವಾಗ ಎರಡೂ ಕಡೆ ಸಮಸಮ. ಉಳಿದದ್ದು ಒಂದೇ ದಾಳಿ. ಅಂಬಿಗ ಉಸಿರು ಕಟ್ಟಿ, “ಕಬಡ್ಡಿ, ಕಬಡ್ಡಿ” ಎನ್ನುತ್ತ ಆಚೆಯವರ ಅಂಕಣಕ್ಕೆ ನುಗ್ಗಿದ. ಒಬ್ಬನನ್ನು ಮುಟ್ಟಿ ತಿರುಗಿದ. ಅಷ್ಟರಲ್ಲಿ ಆಚೆಯ ಆಟಗಾರರಲ್ಲಿ ಒಬ್ಬ ರೈತ ಅವನ ಸೊಂಟವನ್ನು ತಬ್ಬಿ ಕೆಡವಿದ. ಅಂಬಿಗನ ಮುಖ ಮರಳಿಗೆ ಒತ್ತಿತು. ಬಾಯಿ ತುಂಬ ಮರಳು. ಉಸಿರು ಮುರಿಯಿತು. ಮರುಗಳಿಗೆಯೇ ಮತ್ತೆ ಉಸಿರು ಎಳೆದುಕೊಂಡು, ರೈತನನ್ನೂ ಎಳೆದುಕೊಂಡು ಹೋಗಿ ಗೆರೆ ಮುಟ್ಟಿದ.

ಜನರ ಕೂಗಿನಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಈಚೆ ದಡದವರು ಅಂಬಿಗನನ್ನು ಹೆಗಲ ಮೇಲೆ ಹೊತ್ತು ಕುಣಿದರು. ತಂಗಿಯನ್ನು ನೋಡುವೆನೆಂದು ಅವನ ಎದೆ ಹಿಗ್ಗಿತು. ಆಗ ಆ ರೈತ ಕಣ್ಣಿಗೆ ಬಿದ್ದ. ಬೆನ್ನಿಗೆ ಕಿವಿ ಹಚ್ಚಿ ಹಿಡಿದಿದ್ದವನಿಗೆ ಉಸಿರು ಮುರಿದದ್ದು ಗೊತ್ತಾಗದೆ ಇರುತ್ತದೆಯೇ? ಆದರೂ ಅವನು ಜಗಳಕ್ಕೆ ಬರಲಿಲ್ಲ. ‘ಇವರು ಇಷ್ಟೇ’ ಎನ್ನುವಂತೆ ಒಮ್ಮೆ ನೋಡಿ, ಮೈಯ ಮರಳು ಕೊಡವಿಕೊಂಡು ಹೊರಟ. ಅಂಬಿಗನಿಗೆ ನಾಚಿಕೆಯಾಯಿತು. ಈಚೆಯವರು ಸುಳ್ಳರು ಎಂದು ಅವರು ಒಂಬತ್ತು ವರ್ಷ ಹೇಳಿದ್ದನ್ನು ಈ ದಿನ ತಾನೇ ನಿಜ ಮಾಡಿದಂತಾಯಿತಲ್ಲ ಎನ್ನಿಸಿತು. ನಿಜ ಹೇಳಿದರೆ ತಂಗಿ ಇನ್ನೆಂದೂ ಸಿಗಲಾರಳು. ಹೇಳದೆ ಹೋದರೆ ಯಾವ ಮುಖ ಹೊತ್ತು ಅವಳ ಮನೆಗೆ ಹೋಗುವುದು?

“ಇಳಿಸ್ರಪ್ಪ ನನ್ನ,” ಎಂದ ಅಂಬಿಗ. “ಉಸಿರು ಮುರೀತು. ನಾನು ಔಟು. ಗೆದ್ದೋರು ಅವರು.”

ಈಚೆ ದಡದವರು ಅವನನ್ನು ಇಳಿಸಲಿಲ್ಲ, ಎತ್ತಿ ಹಾಕಿದರು. ದ್ರೋಹಿ ಎಂದು ಬೈದರು. ಅವನ ರಾಜ ಮುಖ ತಿರುಗಿಸಿದ. ಅಂಬಿಗ ಮರಳಿನಲ್ಲಿ ಕೂತು ಆಚೆ ದಡದ ಕಡೆಗೇ ನೋಡಿದ. ಅವನ ಕಣ್ಣು ತುಂಬಿ ಬಂತು.

ಆ ರೈತ ನಾಲ್ಕು ಹೆಜ್ಜೆ ಹೋಗಿದ್ದವನು ಹಿಂದಿರುಗಿ ಬಂದ. “ಬೆಳಿಗ್ಗೆ ನೀನು ನನ್ನ ಬೆನ್ನು ಮುಟ್ಟಿದ್ದೆ ಕಣಣ್ಣ. ನಾನು ಇಲ್ಲ ಅಂದ್ಬಿಟ್ಟೆ” ಎಂದ. ಇದನ್ನು ಕೇಳಿ ಈಚೆಯವನೊಬ್ಬ ತಲೆ ಕೆರೆದುಕೊಂಡು, ತಾನೂ ಒಂದು ಸಲ ಗೆರೆ ತುಳಿದಿದ್ದೆ ಎಂದ. ಆಚೆಯವನೊಬ್ಬ ಎರಡು ಸಲ ಎಂದ. ಒಬ್ಬರಾದ ಮೇಲೆ ಒಬ್ಬರು ಒಪ್ಪಿಕೊಳ್ಳುತ್ತ ಹೋದರು. ಕೊನೆಗೆ ಯಾರು ಗೆದ್ದರು, ಯಾರು ಸೋತರು ಎಂಬುದು ಯಾರಿಗೂ ತಿಳಿಯದಾಯಿತು. ಮೊದಲು ನಕ್ಕವರು ಆ ತೀರ್ಪುಗಾರರಿಬ್ಬರು. ಆಮೇಲೆ ಎಲ್ಲರೂ ನಕ್ಕರು. ರಾಜರೂ ಬಹಳ ಹೊತ್ತು ಬಿಗಿದುಕೊಂಡಿರಲಾಗಲಿಲ್ಲ.

ಆಚೆ ದಡದ ಮುದಿ ಮಂತ್ರಿ ಎದ್ದು ನಿಂತ. ಆಯುಧವಿಲ್ಲವೆಂದು ಈ ಅಂಬಿಗ ಹೇಳಿದರೆ ಹರಿಗೋಲನ್ನು ತಡೆಯುವುದಿಲ್ಲ ಎಂದ. ಈಚೆಯ ಮಂತ್ರಿ, ತಮಗೆ ಆ ರೈತನ ಮಾತು ಸಾಕು ಎಂದ. ಒಂಬತ್ತು ವರ್ಷ ಸಿಗದೆ ಹೋದದ್ದು ನಂಬುವಂಥ ಇಂಥ ಒಂದು ಮಾತು, ಅಷ್ಟೇ.

ಮಾರನೆಯ ದಿನ ಅಂಬಿಗ ಹೊಳೆ ದಾಟಿದ. ತಂಗಿ ನೀರಿಗಿಳಿದು ಬಂದು ಹರಿಗೋಲಿನ ಅಂಚು ಹಿಡಿದಳು. ತವರಿಗೆ ಕರೆದೊಯ್ಯಲು ಬರುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ಬೈದಳು. ಬೈಯುತ್ತಲೇ ಹತ್ತಿ ಕುಳಿತಳು. ದಿಣ್ಣೆ ಯಾರದೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಪ್ರತಿವರ್ಷ ಅಲ್ಲಿ ಆಟ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಕೂತು ಬುತ್ತಿ ಬಿಚ್ಚುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಮಾಧಾನವಾಗಲಿಲ್ಲ.

“ಎಲ್ಲ ಸರಿಹೋದದ್ದು ಅಂಬಿಗ ಹೇಳಿದ ನಿಜದಿಂದಲ್ಲವೇ ಗುರುಗಳೇ?” ಎಂದ. “ಅಂಥ ನಿಜವನ್ನು ಯುದ್ಧದಲ್ಲಿಯೂ ಹೇಳಬಹುದಲ್ಲ. ಅದಕ್ಕೆ ಆಟವೇ ಏಕೆ ಬೇಕು?”

“ಯುದ್ಧದಲ್ಲಿ ಉಸಿರು ಹೋದವನು ಎದ್ದು ಬಂದು ನಿಜ ಹೇಳಿದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ, ಮಗು?” ಎಂದರು ಗುರುಗಳು.