ದೇವಕಣಗಿಲೆಗೆ ಎರೆದ ನೀರು

ನೆಗ್ಗಿಹೋದ ತಾಮ್ರದ ತಂಬಿಗೆಯೊಂದನ್ನು ದೇವರ ಮನೆಯಿಂದ ಹಿತ್ತಲಿಗೆ ಹಾಕಿದ್ದರು. ಅಲ್ಲಿ ಅದಕ್ಕೆ ಮಾತಿಗೆ ಸಿಕ್ಕಿದ್ದು ದೇವಕಣಗಿಲೆ ಮರವೊಂದೇ. ದಿನಾ ಬೆಳಿಗ್ಗೆ ಬುಡಕ್ಕೆ ನೀರೆರೆದು, ನಾಲ್ಕು ಮಾತಾಡಿ ಬರುತ್ತಿತ್ತು.

ಚಳಿಗಾಲ ಬಂತು. ಮರ ಎಲೆಯೆಲ್ಲ ಉದುರಿಸಿ, "ತಮ್ಮಾ, ಬೇಸಿಗೆಯವರೆಗೆ ನನಗೆ ನೀರು ಬೇಡ. ಎರೆದರೆ ಬೇರು ಕೊಳೆಯುತ್ತದೆ" ಎಂದಿತು.

"ಹಾಗಾದರೆ ಯಾವ ನೆಪ ಹೇಳಿಕೊಂಡು ಬರಲಿ, ಅಕ್ಕಾ?"

"ನೆಪ ಯಾಕೆ? ಖಾಲಿಯಾಗಿಯೇ ಬಾ, ಕೂತು ಮಾತಾಡೋಣ."

ಖಾಲಿ ಪಾತ್ರೆ ಎದುರು ಬಂದರೆ ಅಪಶಕುನ ಎನ್ನುವ ಮನೆಯಲ್ಲಿ ಬಾಳಿದ ತಂಬಿಗೆಗೆ ಅದು ದಾಕ್ಷಿಣ್ಯದ ಮಾತೆನಿಸಿತು. ಒಂದು ತಂಬಿಗೆ ನೀರಿಗೆ ಬೇರು ಕೊಳೆತೀತೇ ಎಂದುಕೊಂಡು ದಿನವೂ ತುಂಬಿಕೊಂಡೇ ಹೋಗಿ ಎರೆಯಿತು.

ಬೇಸಿಗೆಗೆ ಮುಂಚೆಯೇ ಮರ ಬುಡ ಕೊಳೆತು ಉರುಳಿತು. ಅಂದು ತಂಬಿಗೆ ಮೊದಲ ಸಲ ಖಾಲಿಯಾಗಿ ಬಂದು ಪಕ್ಕದಲ್ಲಿ ಕೂತಿತು. "ಅಕ್ಕಾ" ಎಂದು ಕರೆದರೆ, ತನ್ನ ಖಾಲಿ ಹೊಟ್ಟೆಯೊಳಗಿಂದ ತನ್ನದೇ ದನಿ ಮರಳಿ ಬಂತು.